ಎಕ್ಸ್‌ಡಿಪಿ ಪ್ರೋಗ್ರಾಮಿನಿಂದ ಕಾನ್‌ಟ್ರ್ಯಾಕ್ ನೋಡುವುದು ಹೇಗೆ

ಗಂಗಾವತಿಯ ಅಕ್ಕಿ ಗಿರಣಿ ಆಫೀಸುಗಳಲ್ಲಿ ಆಫೀಸಿಗೂ ಇಂಟರ್ನೆಟ್‌ಗೂ ನಡುವೆ ನಾನು ಕೂರಿಸಿದ ಗೇಟ್‌ವೇಗಳೆಲ್ಲ ಹಳೇ ಪಿಸಿಗಳು. ತೌಡಿನ ಧೂಳಿನಲ್ಲಿ ಫ್ಯಾನ್ ಅರ್ಧಂಬರ್ಧ ತಿರುಗುತ್ತದೆ. ಹಾಗಾಗಿ ಹೊರಗಿನಿಂದ ಬರುವ ಕಸದ ಪ್ಯಾಕೆಟ್‌ಗಳನ್ನು ಡ್ರೈವರ್ ಹಂತದಲ್ಲೇ, ಅಂದರೆ ಪ್ಯಾಕೆಟ್ ಬಂದ ಕೂಡಲೇ ಓಡುವ ಎಕ್ಸ್‌ಡಿಪಿ ಪ್ರೋಗ್ರಾಮಿನಲ್ಲೇ ಬಿಸಾಡುವುದು ಒಳ್ಳೆಯದು. ಆದರೆ ಯಾವುದು ಕಸ, ಯಾವುದು ನಾವು ಕೇಳಿದ್ದಕ್ಕೆ ಬಂದ ಉತ್ತರ?

ಇದಕ್ಕೆಂದು ಎಷ್ಟೋ ಜನ ತಮ್ಮದೇ ಮ್ಯಾಪ್ (ಸಂಪರ್ಕಗಳ ಪಟ್ಟಿ) ಕಟ್ಟುತ್ತಾರೆ. ಸುಮ್ನೆ ಕೆಲಸ ಜಾಸ್ತಿ. ಗಿರಣಿ ಗೇಟಿನಲ್ಲಿ ಲಾರಿ ರಿಜಿಸ್ಟರ್ ಇರುವಾಗ ಪಕ್ಕದಲ್ಲಿ ಇನ್ನೊಂದು ಬರೆಯುತ್ತಾರಾ? ಸಂಪರ್ಕಗಳ ಜಾಡು ಹಿಡಿಯುವ ಕರ್ನಲ್‌ನ ಕಾನ್‌ಟ್ರ್ಯಾಕ್ ಬಳಿ ಲೆಕ್ಕ ಇದ್ದೇ ಇದೆ. ಲಿನಕ್ಸ್ 5.18ರಿಂದ ಇಬಿಪಿಎಫ್ ಪ್ರೋಗ್ರಾಮು (ಕರ್ನಲ್ ಒಳಗೇ ಓಡುವ ಪುಟ್ಟ ಕೋಡು, ಎಕ್ಸ್‌ಡಿಪಿಯದೂ ಇದೇ ಜಾತಿ) ಅದನ್ನು ನೇರವಾಗಿ ಕೇಳಬಹುದು.

ಕರ್ನಲ್‌ನಲ್ಲಿ ಬಿಟಿಎಫ್ (ಕರ್ನಲ್‌ನ ಡೇಟಾ ಟೈಪ್‌ಗಳ ವಿವರ) ಇರಬೇಕು. ಕಾನ್‌ಟ್ರ್ಯಾಕ್ ಮಾಡ್ಯೂಲ್ ಆಗಿದ್ದರೆ ಮಾಡ್ಯೂಲ್‌ಗಳ ಬಿಟಿಎಫ್ ಕೂಡ ಬೇಕು, ಪ್ರೋಗ್ರಾಮಿಗಿಂತ ಮೊದಲೇ ಅದನ್ನು ಲೋಡ್ ಮಾಡಿ. ಲೋಡ್ ಆದಷ್ಟಕ್ಕೆ ಅದು ಎಣಿಸಲು ಶುರು ಮಾಡುವುದಿಲ್ಲ. ಲಿನಕ್ಸ್‌ನ ಫೈರ್‌ವಾಲ್ ಎನ್‌ಎಫ್‌ಟೇಬಲ್ಸ್‌ನಲ್ಲಿ ಸಂಪರ್ಕದ ಸ್ಥಿತಿ ನೋಡುವ ಒಂದಾದರೂ ನಿಯಮ ಇರಲಿ. ಪ್ರೋಗ್ರಾಮಿನ ಲೈಸೆನ್ಸ್ ಜಿಪಿಎಲ್ ಅಂತ ಬರೆಯಿರಿ, ಇಲ್ಲದಿದ್ದರೆ ಇಂಥ ಫಂಕ್ಷನ್ ಕರೆಯಲು ಬಿಡುವುದಿಲ್ಲ.

ಈಗ ಕೋಡು. ಹೆಡರ್‌ಗಳನ್ನು ಓದಿ ಎರಡೂ ಐಪಿ, ಎರಡೂ ಪೋರ್ಟ್ ಟಪಲ್‌ಗೆ (ಸಂಪರ್ಕವನ್ನು ಗುರುತಿಸುವ ಕಟ್ಟಿಗೆ) ತುಂಬಿಸಿ. ಪ್ಯಾಕೆಟ್‌ನಲ್ಲಿದ್ದ ಬೈಟ್ ಕ್ರಮದಲ್ಲೇ ಇಡಿ, ತಿರುಗಿಸಬೇಡಿ. ಐಪಿವಿ4 ಟಪಲ್ 12 ಬೈಟ್, ಐಪಿವಿ6 ಆದರೆ 36. ಆಪ್ಷನ್‌ಗಳಲ್ಲಿ ನೆಟ್‌ಎನ್‌ಎಸ್ (ನೆಟ್‌ವರ್ಕ್ ನೇಮ್‌ಸ್ಪೇಸ್) ಐಡಿ -1, ಅಂದರೆ ಈಗಿರುವುದೇ; ಪ್ರೋಟೋಕಾಲ್ ಟಿಸಿಪಿಗೆ 6, ಯುಡಿಪಿಗೆ 17. ಇವೆರಡಷ್ಟೇ ನಡೆಯುತ್ತವೆ, ಐಸಿಎಂಪಿಯನ್ನು ಕೇಳದೇ ಒಳಗೆ ಬಿಟ್ಟುಬಿಡಿ. ಆಮೇಲೆ ಬಿಪಿಎಫ್_ಎಕ್ಸ್‌ಡಿಪಿ_ಸಿಟಿ_ಲುಕಪ್ ಕರೆಯಿರಿ.

ಪಾಯಿಂಟರ್ ಬಂದರೆ ಸಂಪರ್ಕ ಇದೆ. ಆಪ್ಷನ್‌ನ ದಿಕ್ಕಿನ ಜಾಗದಲ್ಲಿ (5.18ರಲ್ಲಿ ಅದು ಇರಲಿಲ್ಲ, ಆಮೇಲಿನ ಕರ್ನಲ್‌ಗಳಲ್ಲಿ ಬಂತು) 1 ಇದ್ದರೆ ಅದು ಉತ್ತರದ ಪ್ಯಾಕೆಟ್. ನಲ್ ಬಂದರೆ ಎರರ್ ನೋಡಿ: ದಾಖಲೆಯೇ ಇಲ್ಲವೋ, ನೀವು ಕೇಳಿದ ರೀತಿ ತಪ್ಪೋ ಅಲ್ಲೇ ಗೊತ್ತಾಗುತ್ತದೆ. ಸಿಕ್ಕ ಪಾಯಿಂಟರನ್ನು ಬಿಪಿಎಫ್_ಸಿಟಿ_ರಿಲೀಸ್‌ನಿಂದ ವಾಪಸ್ ಕೊಡಲೇಬೇಕು. ಒಂದೇ ಒಂದು ದಾರಿಯಲ್ಲಿ ಬಿಟ್ಟುಹೋದರೂ ವೆರಿಫೈಯರ್ (ಲೋಡ್ ಮಾಡುವಾಗ ಕೋಡನ್ನು ಪರೀಕ್ಷಿಸುವ ಕರ್ನಲ್ ಭಾಗ) ಪ್ರೋಗ್ರಾಮನ್ನು ಒಳಗೇ ಬಿಡುವುದಿಲ್ಲ. ನನಗೆ ಅದರ ಈ ಹಠ ಇಷ್ಟ.

ದಾಖಲೆ ಇಲ್ಲ ಅಂದ ತಕ್ಷಣ ಬಿಸಾಡಬೇಡಿ. ಎಕ್ಸ್‌ಡಿಪಿ ಕಾನ್‌ಟ್ರ್ಯಾಕ್‌ಗಿಂತ ಮೊದಲೇ ಓಡುವುದರಿಂದ ಹೊಸ ಟಿಸಿಪಿ ಸಂಪರ್ಕ ಶುರು ಮಾಡುವ ಸಿನ್ ಪ್ಯಾಕೆಟ್‌ಗೆ ಇನ್ನೂ ದಾಖಲೆ ಇರುವುದಿಲ್ಲ, ಅಲ್ವಾ? ನೀವು ತೆರೆದಿಟ್ಟ ಪೋರ್ಟ್‌ಗಳಿಗೆ ಬರುವ ಸಿನ್ ಒಳಗೆ ಬಿಡಿ. ಐಪಿ ವಿಳಾಸ ಹಂಚುವ ಡಿಎಚ್‌ಸಿಪಿಯ ಉತ್ತರ ಬರುವ ಯುಡಿಪಿ 68 ಕೂಡ ಒಳಗೆ ಬಿಡಿ, ಇಲ್ಲದಿದ್ದರೆ ಆ ವಿಳಾಸದ ಲೀಸ್ ಮುಗಿದ ದಿನ ಇಡೀ ಗಿರಣಿಯ ಇಂಟರ್ನೆಟ್ ಹೋಗುತ್ತದೆ. ತುಂಡಾದ ಪ್ಯಾಕೆಟ್‌ಗಳಲ್ಲಿ ಎರಡನೆಯದರಿಂದ ಪೋರ್ಟ್ ಸಿಗುವುದಿಲ್ಲ, ಅವನ್ನೂ ಮೇಲಕ್ಕೆ ಕಳಿಸಿ.

ಮೊದಲು ಎಲ್ಲವನ್ನೂ ಪಾಸ್ ಮಾಡುತ್ತಾ, ಬಿಸಾಡಬೇಕಾದವನ್ನು ಕೌಂಟರಿನಲ್ಲಿ ಎಣಿಸಿ ನೋಡಿ. ಡ್ರಾಪ್ ಹಾಕುವುದು ಆಮೇಲೆ. ರೀಬೂಟ್ ಆದಾಗ ಕಾನ್‌ಟ್ರ್ಯಾಕ್ ಖಾಲಿ ಇರುತ್ತದೆ, ನಡೆಯುತ್ತಿದ್ದ ಟಿಸಿಪಿ ಸಂಪರ್ಕಗಳ ಉತ್ತರಗಳೂ ಕಸದ ಲೆಕ್ಕಕ್ಕೆ ಸೇರುತ್ತವೆ. ಅದಕ್ಕೇ ಎಕ್ಸ್‌ಡಿಪಿಯನ್ನು ನಾನು ಬೂಟ್ ಆಗಿ ಕೆಲವು ನಿಮಿಷ ಬಿಟ್ಟು ಹಚ್ಚುತ್ತೇನೆ.