ಹತ್ತೊಂಬತ್ತರ ಹುಡುಗ, ಮೇ ತಿಂಗಳ ಗಡುವು

ಏಪ್ರಿಲ್ ಮೊದಲ ವಾರ ಕಾಲೇಜು ಬ್ಯಾಸ್ಕೆಟ್‌ಬಾಲಿನ ರಾಷ್ಟ್ರೀಯ ಫೈನಲ್ ಮುಗಿಯಿತೆಂದರೆ ನನ್ನ ಕೆಲಸದ ಸ್ವರೂಪವೇ ಬದಲಾಗುತ್ತದೆ. ಅಮೆರಿಕದ ಮಧ್ಯಪಶ್ಚಿಮ ಭಾಗದ ಒಂದು ವಿಶ್ವವಿದ್ಯಾಲಯದಲ್ಲಿ ನಾನು ಕ್ರೀಡಾಪಟುಗಳ ಶೈಕ್ಷಣಿಕ ಸಲಹೆಗಾರ್ತಿ. ವರ್ಷದ ಉಳಿದ ದಿನಗಳಲ್ಲಿ ಹಾಜರಾತಿ, ತಪ್ಪಿದ ಪರೀಕ್ಷೆ, ಬೇಸಿಗೆಯ ಕೋರ್ಸು ಎಂದು ಓಡಾಡುವವಳು ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಒಂದೇ ಪ್ರಶ್ನೆಗೆ ಕಿವಿಗೊಡುತ್ತೇನೆ: ಓದು ಅರ್ಧಕ್ಕೆ ಬಿಟ್ಟು ಎನ್‌ಬಿಎ ಡ್ರಾಫ್ಟ್‌ಗೆ ಹೋಗಲೇ, ಇನ್ನೊಂದು ವರ್ಷ ಇಲ್ಲೇ ಇರಲೇ?

ಎನ್‌ಬಿಎ ಎಂದರೆ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್; ಅದರ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ವಾರ್ಷಿಕ ಆಯ್ಕೆಯೇ ಡ್ರಾಫ್ಟ್. ಅದರ ನಿಯಮ ಚಿಕ್ಕದು. ಡ್ರಾಫ್ಟ್ ನಡೆಯುವ ವರ್ಷ ಮುಗಿಯುವುದರೊಳಗೆ ಹುಡುಗನಿಗೆ ಹತ್ತೊಂಬತ್ತು ತುಂಬಬೇಕು, ಹೈಸ್ಕೂಲು ಮುಗಿದು ಒಂದು ವರ್ಷವಾಗಿರಬೇಕು. 2006ರ ಡ್ರಾಫ್ಟ್‌ನಿಂದ ಹೀಗಿದೆ. ಅದಕ್ಕೆ ಮೊದಲು ಕೋಬಿ ಬ್ರಯಂಟ್, ಲೆಬ್ರಾನ್ ಜೇಮ್ಸ್ ಅಂಥವರು ಹೈಸ್ಕೂಲಿನಿಂದ ನೇರವಾಗಿ ಹೋದರು. ಆದರೆ ಓದು ಬಾಕಿ ಇರುವ ಆಟಗಾರ ಹೆಸರು ಕೊಟ್ಟ ಮೇಲೂ ಹಿಂತೆಗೆದುಕೊಳ್ಳಬಹುದು ಎಂಬಲ್ಲಿ ಎರಡು ಗಡುವುಗಳಿವೆ. ಎನ್‌ಬಿಎ ಗಡುವು ಡ್ರಾಫ್ಟ್‌ಗೆ ಹತ್ತು ದಿನ ಮುಂಚೆ, ಜೂನ್ ಮಧ್ಯದಲ್ಲಿ ಬರುತ್ತದೆ. ಕಾಲೇಜು ಕ್ರೀಡೆಯ ಸಂಸ್ಥೆಯಾದ ಎನ್‌ಸಿಎಎ ಗಡುವು ಅದಕ್ಕೂ ಮೊದಲೇ, ಮೇ ಕೊನೆಗೆ ಮುಗಿಯುತ್ತದೆ; 2025ರಲ್ಲಿ ಅದು ಮೇ 28 ಆಗಿತ್ತು. ಎರಡನ್ನೂ ಒಂದೇ ಎಂದುಕೊಂಡು ಜೂನ್‌ವರೆಗೆ ಕಾದರೆ ಡ್ರಾಫ್ಟ್‌ನಿಂದ ಹೊರಗೆ ಬರಬಹುದು, ಕಾಲೇಜು ತಂಡಕ್ಕೆ ಮಾತ್ರ ಮರಳಲಾಗದು. ಮೊದಲ ಭೇಟಿಯಲ್ಲೇ ಮೇ ತಿಂಗಳ ಆ ತಾರೀಖನ್ನು ಹುಡುಗನ ಮೊಬೈಲಿನಲ್ಲೂ ಅವನ ತಾಯಿಯ ಮೊಬೈಲಿನಲ್ಲೂ ನಾನೇ ಕೂತು ಹಾಕಿಸುತ್ತೇನೆ.

ಆಟದ ಬಗ್ಗೆ ನಾನು ಮಾತಾಡುವುದಿಲ್ಲ. ಎಡಗೈ ಡ್ರಿಬಲ್ ಹೇಗಿದೆ, ಮೂರು ಅಂಕದ ಎಸೆತ ಎಷ್ಟು ಬೀಳುತ್ತದೆ ಎಂದು ಹೇಳಲು ಕೋಚ್‌ಗಳಿದ್ದಾರೆ. ನಾನು ಕೇಳುವುದು, ನಿನ್ನ ದುಡಿಮೆಯನ್ನು ನೆಚ್ಚಿಕೊಂಡು ಯಾರು ಯಾರು ಇದ್ದಾರೆ ಎಂದು. ಗಾರ್ಡ್ ಸ್ಥಾನದಲ್ಲಿ ಆಡುವ ಒಬ್ಬ ಹುಡುಗ ಈ ಪ್ರಶ್ನೆಗೆ ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಅಜ್ಜಿಯ ಮನೆಯ ಸಾಲ, ತಂಗಿಯ ಶಾಲೆ, ಜೈಲಿನಿಂದ ಬಿಡುಗಡೆಯಾಗಲಿರುವ ಅಣ್ಣ ಎಂದು ಪಟ್ಟಿ ಹೇಳಿದ. ಅಲ್ಲಿಯವರೆಗೆ ಅವನ ಸುತ್ತ ಮಾತಾಡಿದವರೆಲ್ಲ ಅವನ ಜಿಗಿತದ ಎತ್ತರವನ್ನಷ್ಟೇ ಮಾತಾಡಿದ್ದರು. ಬೆಂಗಳೂರಿನಲ್ಲಿ ನಾನು ಆಡುತ್ತಿದ್ದ ಕಾಲದಲ್ಲಿ ಕ್ರೀಡಾ ಕೋಟಾದಡಿ ರೈಲ್ವೆಯಲ್ಲೋ ಬ್ಯಾಂಕಿನಲ್ಲೋ ನೌಕರಿ ಸಿಕ್ಕಿದವರು ಎರಡನೇ ಯೋಚನೆ ಮಾಡದೆ ಸೇರುತ್ತಿದ್ದರು. ಅದನ್ನು ಯಾರೂ ಆಸೆಬುರುಕುತನ ಎನ್ನಲಿಲ್ಲ. ಇಲ್ಲಿನ ಹತ್ತೊಂಬತ್ತರ ಹುಡುಗ ಬೇಗ ಹೊರಟರೆ ಮಾತ್ರ ಟಿವಿಯಲ್ಲಿ ಕೂತವರಿಗೆ ಅವನ ಪ್ರಬುದ್ಧತೆಯ ಚಿಂತೆ ಹತ್ತುತ್ತದೆ.

ಇದಾದ ಮೇಲೆ ಎನ್‌ಬಿಎಯ ಅಭಿಪ್ರಾಯ ತರಿಸುತ್ತೇವೆ. ಓದುತ್ತಿರುವ ಆಟಗಾರರಿಗಾಗಿಯೇ ಅವರಲ್ಲಿ ಒಂದು ಸಲಹಾ ಸಮಿತಿ ಇದೆ. ತಂಡಗಳ ಅಧಿಕಾರಿಗಳು ಏನೆನ್ನುತ್ತಾರೆ ಎಂಬುದನ್ನು ಕಲೆಹಾಕಿ ಆಟಗಾರ ಯಾವ ಮಟ್ಟದಲ್ಲಿ ಆಯ್ಕೆಯಾಗಬಹುದು ಎಂದು ಅದು ತಿಳಿಸುತ್ತದೆ: ಮೊದಲ ಹದಿನಾಲ್ಕರೊಳಗೆ, ಮೊದಲ ಸುತ್ತಿನಲ್ಲಿ, ಎರಡನೇ ಸುತ್ತಿನಲ್ಲಿ, ಇಲ್ಲವೇ ಆಯ್ಕೆಯೇ ಇಲ್ಲ. "ಮೊದಲ ಸುತ್ತಿನ ಕೊನೆ ಅಥವಾ ಎರಡನೇ ಸುತ್ತು" ಎಂದು ಬಂದರೆ ಹುಡುಗನ ಕಿವಿಗೆ ಬೀಳುವುದು ಮೊದಲರ್ಧ ಮಾತ್ರ. ನಾನು ಒಂದು ಹಾಳೆ ಕೊಟ್ಟು ಉಳಿದರ್ಧದ ಲೆಕ್ಕವನ್ನು ಅವನ ಕೈಯಲ್ಲೇ ಬರೆಸುತ್ತೇನೆ. ನನ್ನ ಇಡೀ ವಿಧಾನ ಎಂದರೆ ಈ ಹಾಳೆಯೇ.

ಹಾಳೆಯಲ್ಲಿ ಬರುವುದು ಇಷ್ಟು. ಮೊದಲ ಸುತ್ತಿನಲ್ಲಿ ಮೂವತ್ತು ಸ್ಥಾನ. ಅಲ್ಲಿ ಆಯ್ಕೆಯಾದವನಿಗೆ ನಿಗದಿತ ವೇತನಶ್ರೇಣಿ ಇದೆ, ಮೊದಲ ಎರಡು ವರ್ಷದ ಹಣ ಖಾತರಿ. ಮೂರನೆಯ ಮತ್ತು ನಾಲ್ಕನೆಯ ವರ್ಷ ತಂಡದ ಇಚ್ಛೆ. 2024ರಲ್ಲಿ ಮೂವತ್ತನೆಯವನಾಗಿ ಆಯ್ಕೆಯಾದವನಿಗೂ ಮೊದಲ ವರ್ಷ ಸುಮಾರು 25 ಲಕ್ಷ ಡಾಲರ್ ಸಿಕ್ಕಿತು. ಮೂವತ್ತೊಂದನೆಯವನಿಂದ ಮುಂದೆ ಖಾತರಿ ನಿಯಮದಲ್ಲಿಲ್ಲ, ಏಜೆಂಟ್ ಚೌಕಾಸಿ ಮಾಡಿ ಪಡೆದರೆ ಉಂಟು. ಎಷ್ಟೋ ಜನರಿಗೆ ಸಿಗುವುದು ಟೂ-ವೇ ಒಪ್ಪಂದ: ಹೆಚ್ಚಿನ ಕಾಲ ಎನ್‌ಬಿಎಯ ಕೆಳಹಂತದ ಜಿ ಲೀಗ್‌ನಲ್ಲಿ, ನಡುನಡುವೆ ಎನ್‌ಬಿಎ ತಂಡದಲ್ಲಿ. ಅದರ ವೇತನ 2024-25ರಲ್ಲಿ 5.78 ಲಕ್ಷ ಡಾಲರ್. ಅದೂ ಸಿಗದೆ ಬರಿಯ ಜಿ ಲೀಗ್ ಆಟಗಾರನಾದರೆ ಅದೇ ವರ್ಷ ಇಡೀ ಋತುವಿಗೆ ಸುಮಾರು 43 ಸಾವಿರ ಡಾಲರ್. ಇಲ್ಲಿನ ಹೊಸ ಶಾಲಾ ಶಿಕ್ಷಕರ ಸಂಬಳ ಹೆಚ್ಚುಕಡಿಮೆ ಅಷ್ಟಿರುತ್ತದೆ.

ಇದನ್ನೆಲ್ಲ ಬರೆದ ಮೇಲೆ, ಯಾವ ಮಟ್ಟಕ್ಕಿಂತ ಕೆಳಗೆ ಬಂದರೆ ನೀನು ಹಿಂದಿರುಗುತ್ತೀಯ ಎಂದು ಕೇಳಿ ಅದರ ಕೆಳಗೆ ಒಂದು ಗೆರೆ ಎಳೆಸುತ್ತೇನೆ. ಇದು ಷಿಕಾಗೋದಲ್ಲಿ ಮೇ ಮಧ್ಯದಲ್ಲಿ ನಡೆಯುವ ಕಂಬೈನ್‌ಗೆ ಮುಂಚೆಯೇ ಆಗಬೇಕು. ಕಂಬೈನ್ ಎಂದರೆ ಬರಿಗಾಲಲ್ಲಿ ಎತ್ತರ, ಚಾಚಿದ ತೋಳುಗಳ ಅಳತೆ, ಜಿಗಿತ, ಸಂದರ್ಶನ, ತಂಡಗಳ ಎದುರು ಆಟ. ಮದುವೆ ಮಾರುಕಟ್ಟೆಯ ವಧುಪರೀಕ್ಷೆಗೂ ಇದಕ್ಕೂ ದೊಡ್ಡ ವ್ಯತ್ಯಾಸ ನನಗೆ ಕಂಡಿಲ್ಲ. ಅಲ್ಲಿಂದ ಮರಳುವಾಗ ಒಬ್ಬರಾದರೂ "ನೀನು ನಮಗೆ ಹಿಡಿಸಿದ್ದೀಯ" ಎಂದು ಕಿವಿಯಲ್ಲಿ ಹೇಳಿರುತ್ತಾರೆ. ಹಿಡಿಸಿದ್ದಕ್ಕೆ ಯಾರೂ ಸಹಿ ಹಾಕಿರುವುದಿಲ್ಲ. ಮೊದಲೇ ಎಳೆದ ಗೆರೆ ಆಗ ಕೆಲಸಕ್ಕೆ ಬರುತ್ತದೆ.

ಗೆರೆ ಎಲ್ಲಿ ಎಳೆಯಬೇಕು ಎಂದು ಮಾತ್ರ ನಾನು ಹೇಳುವುದಿಲ್ಲ. ಆ ಕೋಣೆಯಲ್ಲಿ ಸ್ವಾರ್ಥವಿಲ್ಲದವರು ಯಾರೂ ಇಲ್ಲ. ಕೋಚ್‌ಗೆ ಮುಂದಿನ ವರ್ಷದ ತಂಡ ಕಟ್ಟಬೇಕು. ಹುಡುಗ ಸಹಿ ಹಾಕಿದರಷ್ಟೇ ಏಜೆಂಟ್‌ಗೆ ಕಮಿಷನ್. ನನ್ನ ಕಚೇರಿಗೆ ಪದವಿ ಮುಗಿಸಿದವರ ಶೇಕಡಾವಾರು ಅಂಕಿ ಚೆನ್ನಾಗಿರಬೇಕು. ಹಾಗಾಗಿ ನನ್ನ ಮಾತನ್ನೂ ಅನುಮಾನದಿಂದಲೇ ಕೇಳಿ ಎಂದು ಹೆತ್ತವರಿಗೆ ಹೇಳಿಬಿಡುತ್ತೇನೆ. ಒಬ್ಬ ತಾಯಿ ನಕ್ಕು, "ನೀವು ಹೇಳುವುದಕ್ಕೆ ಮುಂಚೆಯೂ ಹಾಗೇ ಕೇಳುತ್ತಿದ್ದೆ" ಎಂದರು.

ಬೇಗ ಹೋಗುವುದರ ಪರವಾಗಿ ಒಂದು ಗಟ್ಟಿ ವಾದವಿದೆ; ಪತ್ರಿಕೆಗಳಲ್ಲಿ ಅದು ಕಾಣುವುದು ಕಡಿಮೆ. ಎನ್‌ಬಿಎಯಲ್ಲಿ ನಿಜವಾದ ಹಣ ಮೊದಲ ಒಪ್ಪಂದದಲ್ಲಿಲ್ಲ, ಎರಡನೆಯದರಲ್ಲಿದೆ. ಮೊದಲ ಸುತ್ತಿನ ನಾಲ್ಕು ವರ್ಷ ಇಪ್ಪತ್ತಮೂರಕ್ಕೆ ಮುಗಿದರೆ ದೊಡ್ಡ ಒಪ್ಪಂದಕ್ಕೆ ಮುಂದೆ ಸಾಕಷ್ಟು ವಯಸ್ಸಿರುತ್ತದೆ. ಇಪ್ಪತ್ತಾರಕ್ಕೆ ಮುಗಿದರೆ ಮೂರು ವರ್ಷದ ಗಳಿಕೆ ಹೋದಂತೆ. ಜೊತೆಗೆ ತಂಡಗಳು ಹತ್ತೊಂಬತ್ತರ ಹುಡುಗನಲ್ಲಿ ಮುಂದೆ ಏನಾಗಬಹುದು ಎಂದು ನೋಡುತ್ತವೆ, ಇಪ್ಪತ್ತೆರಡರವನಲ್ಲಿ ಏನು ಕೊರತೆಯಿದೆ ಎಂದು ಹುಡುಕುತ್ತವೆ. ಮೊದಲ ಹದಿನಾಲ್ಕರೊಳಗೆ ಖಚಿತ ಎಂದಾದರೆ ಉಳಿಯಲು ಕಾರಣ ಕೊಡುವುದು ನನಗಂತೂ ಕಷ್ಟ.

ಗೊಂದಲವಿರುವುದು ಅಂಚಿನಲ್ಲಿರುವವರಿಗೆ. ಪರ್ಡ್ಯೂ ವಿಶ್ವವಿದ್ಯಾಲಯದ ಝ್ಯಾಕ್ ಈಡಿ 2023ರಲ್ಲಿ ಹೆಸರು ಕೊಟ್ಟು ಹಿಂತೆಗೆದುಕೊಂಡ. ಮರಳಿ ಬಂದು ಮತ್ತೊಮ್ಮೆ ವರ್ಷದ ಶ್ರೇಷ್ಠ ಆಟಗಾರನಾಗಿ, ತಂಡವನ್ನು ಫೈನಲ್‌ವರೆಗೆ ಒಯ್ದು, 2024ರಲ್ಲಿ ಒಂಬತ್ತನೆಯವನಾಗಿ ಆಯ್ಕೆಯಾದ. ಇದಕ್ಕೆ ತಿರುಗುಮುರುಗಾದದ್ದು ಸಿಮ್ ಭುಲ್ಲರ್ ಕಥೆ. ಟೊರಾಂಟೋದ ಪಂಜಾಬಿ ಮನೆತನದ ಆ ಏಳಡಿ ಮೀರಿದ ಹುಡುಗ ನ್ಯೂ ಮೆಕ್ಸಿಕೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಆಡಿ 2014ರಲ್ಲಿ ಡ್ರಾಫ್ಟ್‌ಗೆ ಹೋದ, ಯಾರೂ ಆರಿಸಲಿಲ್ಲ. ಕೆಳಹಂತದ ಲೀಗ್‌ನಲ್ಲಿ ಆಡಿ, 2015ರ ಏಪ್ರಿಲ್‌ನಲ್ಲಿ ಸ್ಯಾಕ್ರಮೆಂಟೊ ಕಿಂಗ್ಸ್‌ನ ಹತ್ತು ದಿನದ ಒಪ್ಪಂದದಲ್ಲಿ ಮೂರು ಪಂದ್ಯ ಆಡಿದ. ಎನ್‌ಬಿಎಯಲ್ಲಿ ಆಡಿದ ಮೊದಲ ಭಾರತೀಯ ಮೂಲದವನು ಅವನು. ಅದೇ ಅವನ ಕೊನೆಯ ಎನ್‌ಬಿಎ ಋತುವೂ ಆಯಿತು. ಇನ್ನೊಂದು ವರ್ಷ ಉಳಿದಿದ್ದರೆ ಅವನ ಗತಿ ಬೇರೆಯಾಗುತ್ತಿತ್ತೇ? ಆಗುತ್ತಿರಲಿಲ್ಲ ಎಂದೇ ನನ್ನ ಅಂದಾಜು; ಆ ಮೈಕಟ್ಟಿಗೆ ಆಗಿನ ವೇಗದ ಆಟದಲ್ಲಿ ಜಾಗ ಕಡಿಮೆಯಾಗುತ್ತಿತ್ತು. ಕಾಯುವುದು ಎಲ್ಲರಿಗೂ ಲಾಭವಲ್ಲ.

ಈಗ ಲೆಕ್ಕವೇ ತಲೆಕೆಳಗಾಗಿದೆ. 2021ರ ಜುಲೈನಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಮುಖ ಬಳಸಿ ಹಣ ಗಳಿಸಬಹುದು. ಎನ್‌ಐಎಲ್ ಎಂದು ಕರೆಯುತ್ತಾರೆ. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯಂತೆ ವಿಶ್ವವಿದ್ಯಾಲಯಗಳೇ ಆಟಗಾರರಿಗೆ ನೇರವಾಗಿ ಪಾಲು ಕೊಡಬಹುದು. ಒಂದು ವಿಶ್ವವಿದ್ಯಾಲಯದ ಎಲ್ಲ ಕ್ರೀಡೆಗಳಿಗೂ ಸೇರಿ ಮೊದಲ ವರ್ಷದ ಮಿತಿ ಸುಮಾರು 2.05 ಕೋಟಿ ಡಾಲರ್. ಎರಡನೇ ಸುತ್ತಿನಲ್ಲಿ ಸಿಗುವುದಕ್ಕಿಂತ ಹೆಚ್ಚು ಹಣ ಕಾಲೇಜಿನಲ್ಲೇ ಸಿಗುವಾಗ ಹೋಗುವುದೇಕೆ? 2021ರಲ್ಲಿ ಅವಧಿಗೆ ಮೊದಲೇ ಡ್ರಾಫ್ಟ್‌ಗೆ ಹೆಸರು ಕೊಟ್ಟವರು, ವಿದೇಶಿ ಲೀಗ್‌ಗಳ ಆಟಗಾರರೂ ಸೇರಿ, 350ಕ್ಕೂ ಹೆಚ್ಚು. 2025ರಲ್ಲಿ ನೂರರ ಆಸುಪಾಸು. ಹಿಂದೆ ಹಣಕ್ಕಾಗಿ ಹೋಗುತ್ತಿದ್ದ ಹುಡುಗ ಈಗ ಹಣಕ್ಕಾಗಿ ಉಳಿಯುತ್ತಿದ್ದಾನೆ. ನನ್ನ ಹಾಳೆಗೆ ಇನ್ನೊಂದು ಅಂಕಣ ಸೇರಿತು. ಹೆಚ್ಚು ಕೊಡುವ ಬೇರೆ ಕಾಲೇಜಿಗೆ ವರ್ಗವಾಗುವ ದಾರಿಯೂ ತೆರೆದಿರುವುದರಿಂದ ಆ ಅಂಕಣ ವಾರಕ್ಕೊಮ್ಮೆ ತಿದ್ದಿಸಿಕೊಳ್ಳುತ್ತದೆ.

ವಿದೇಶಿ ಹುಡುಗರಿಗೆ ಮಾತ್ರ ಆ ಅಂಕಣ ಬಹುಪಾಲು ಖಾಲಿ. ನಾನೂ ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಬಂದವಳು. ಆವರಣದೊಳಗೆ ವಾರಕ್ಕೆ ಇಪ್ಪತ್ತು ಗಂಟೆ ಮೀರಿ ದುಡಿಯಬಾರದೆಂಬ ಭಯ ನನಗೆ ಚೆನ್ನಾಗಿ ಗೊತ್ತು. ಅದೇ ವೀಸಾದಲ್ಲಿರುವ ಆಟಗಾರ ಇಲ್ಲಿ ಜಾಹೀರಾತಿಗೆ ನಿಂತರೆ ಅದನ್ನೂ ಕೆಲಸವೆಂದು ಪರಿಗಣಿಸುವ ಅಪಾಯವಿದೆ. ಕೆನಡಾದ ಈಡಿಗೂ ಈ ತೊಡಕಿತ್ತು. ಎನ್‌ಬಿಎ ಒಪ್ಪಂದವಾದರೆ ಕ್ರೀಡಾಪಟುಗಳ ವೀಸಾ ಸಿಗುತ್ತದೆ, ದುಡಿಮೆಗೆ ಅಡ್ಡಿಯಿಲ್ಲ. ಆದ್ದರಿಂದ ಅಮೆರಿಕದ ಹುಡುಗನಿಗೆ ಉಳಿಯುವುದು ಲಾಭವಾದ ಕಡೆ ಅವನ ಪಕ್ಕದ ಸೆನೆಗಲ್ ಹುಡುಗನಿಗೆ ಹೋಗುವುದೇ ಲಾಭವಾಗಬಹುದು. ಇಂಥವರನ್ನು ವಲಸೆ ವಕೀಲರ ಬಳಿ ಕಳಿಸದೆ ಹಾಳೆಗೆ ಕೈ ಹಾಕಿಸುವುದಿಲ್ಲ.

ಪದವಿಯ ವಿಷಯ ಕೊನೆಗೆ ಬರುತ್ತದೆ, ಅದೂ ನಾನೇ ಎತ್ತಿದರೆ. "ಓದು ಮುಗಿಸಿ ಹೋಗು" ಎಂದು ನಾನು ಹೇಳುವುದಿಲ್ಲ. ಮೊಣಕಾಲಿಗೆ ವಯಸ್ಸಿನ ಗಡುವಿದೆ, ಸಮಾಜಶಾಸ್ತ್ರಕ್ಕಿಲ್ಲ. 2009ರಲ್ಲಿ ಮೂರು ವರ್ಷಕ್ಕೆ ಡೇವಿಡ್ಸನ್ ಕಾಲೇಜು ಬಿಟ್ಟ ಎನ್‌ಬಿಎ ತಾರೆ ಸ್ಟೆಫೆನ್ ಕರಿ 2022ರಲ್ಲಿ ಪದವಿ ಪಡೆದ. ಆದರೆ ಮರಳುವ ದಾರಿ ತಾನಾಗಿ ತೆರೆದಿರುವುದಿಲ್ಲ. ಹೆಸರು ಕೊಟ್ಟ ಹುಡುಗ ಊರೂರು ತಿರುಗಿ ತಂಡಗಳೆದುರು ಆಡುವಾಗಲೇ ವಸಂತ ಸೆಮಿಸ್ಟರ್ ಮುಗಿಯುತ್ತಿರುತ್ತದೆ. ತರಗತಿ ಬಿಟ್ಟು ಅನುತ್ತೀರ್ಣನಾದರೆ ಮೇ ಕೊನೆಗೆ ಮನಸ್ಸು ಬದಲಿಸಿ ಬಂದರೂ ಆಡುವ ಅರ್ಹತೆ ಇರುವುದಿಲ್ಲ. ಹಾಗಾಗಿ ಏಪ್ರಿಲ್‌ನಲ್ಲೇ ಪ್ರಾಧ್ಯಾಪಕರಿಗೆಲ್ಲ ಪತ್ರ ಬರೆದು ಅಂತಿಮ ಪರೀಕ್ಷೆ ಆನ್‌ಲೈನಿನಲ್ಲೋ ಮೊದಲೇ ಬೇರೆ ದಿನಕ್ಕೋ ಹೊಂದಿಸುತ್ತೇನೆ, ಬೇಸಿಗೆಯ ಎರಡು ಕೋರ್ಸಿಗೆ ಹೆಸರು ಹಾಕಿಸಿಡುತ್ತೇನೆ. ಹೊರಟೇ ಹೋದರೆ ಇನ್ನೆಷ್ಟು ಕ್ರೆಡಿಟ್ ಬಾಕಿ, ಯಾವುದನ್ನು ದೂರಶಿಕ್ಷಣದಲ್ಲಿ ಮುಗಿಸಬಹುದು ಎಂಬ ಪಟ್ಟಿಯನ್ನು ಹುಡುಗನಿಗಲ್ಲ, ಅವನ ತಾಯಿಗೆ ಕಳಿಸುತ್ತೇನೆ. ಹುಡುಗರು ಫೋನ್ ನಂಬರ್ ಬದಲಿಸುತ್ತಾರೆ, ತಾಯಂದಿರು ಬದಲಿಸುವುದಿಲ್ಲ.