ವರ್ಕ್‌ಶಾಪಿನ ಕೆಳಗೆ ಬಿಲ ತೋಡುವ ಗ್ರೌಂಡ್‌ಹಾಗ್: ಹೊಸಬರಿಗೆ ಮಾರ್ಗದರ್ಶಿ

ನ್ಯೂಜೆರ್ಸಿ, ಪೆನ್ಸಿಲ್ವೇನಿಯ, ಒಹಾಯೊ ಅಥವಾ ಕೆನಡಾದ ಒಂಟಾರಿಯೊದಲ್ಲಿ ಹಿತ್ತಲಿರುವ ಮನೆಯನ್ನು ಹೊಸದಾಗಿ ಕೊಂಡು, ಅಲ್ಲಿನ ಶೆಡ್ಡನ್ನು ಮರಗೆಲಸಕ್ಕೋ ರಿಪೇರಿ ಕೆಲಸಕ್ಕೋ ವರ್ಕ್‌ಶಾಪ್ ಮಾಡಿಕೊಂಡಿರುವ ಕನ್ನಡಿಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಶೆಡ್ಡಿನ ಗೋಡೆಗೆ ತಾಗಿದಂತೆ ಹಸಿ ಮಣ್ಣಿನ ಗುಡ್ಡೆಯೂ ಅದರ ಪಕ್ಕದಲ್ಲಿ ಸುಮಾರು ಒಂದಡಿ ಅಗಲದ ಬಿಲವೂ ಕಾಣಿಸಿದರೆ ಅದು ಬಹುಮಟ್ಟಿಗೆ ಗ್ರೌಂಡ್‌ಹಾಗ್‌ನ ಕೆಲಸ. ಆ ಬಿಲವನ್ನು ಅದೇ ದಿನ ಕಲ್ಲು, ಕಾಂಕ್ರೀಟು ತುಂಬಿ ಮುಚ್ಚಿಬಿಡಬೇಡಿ ಎಂಬುದೇ ನಾನು ಮೊದಲು ಹೇಳಬೇಕಾದ ಮಾತು. ಒಳಗೆ ಯಾವ ಪ್ರಾಣಿಯಿದೆ, ಇದು ಯಾವ ತಿಂಗಳು ಎಂಬ ಎರಡು ಸಂಗತಿಗಳು ತಿಳಿದ ಮೇಲೆಯೇ ಮುಂದಿನ ಕೆಲಸಕ್ಕೆ ಕೈಹಾಕಬೇಕು.

ಗ್ರೌಂಡ್‌ಹಾಗ್ ಅಳಿಲಿನ ಕುಟುಂಬಕ್ಕೆ ಸೇರಿದ ಪ್ರಾಣಿ. ಸರ್ಕಾರಿ ಪ್ರಕಟಣೆಗಳಲ್ಲಿ ಇದನ್ನು ವುಡ್‌ಚಕ್ ಎಂದೂ ಬರೆದಿರುತ್ತಾರೆ. ತೂಕ ಸಾಮಾನ್ಯವಾಗಿ 2ರಿಂದ 6 ಕಿಲೊ. ಊರಿನ ಹೆಗ್ಗಣದಂತೆ ರಾತ್ರಿ ಹೊತ್ತು ಅಡುಗೆಮನೆಗೆ ನುಗ್ಗುವ ಜಾತಿ ಇದಲ್ಲ. ಹಗಲಿನಲ್ಲೇ ಓಡಾಡುತ್ತದೆ, ಹುಲ್ಲು, ಸೊಪ್ಪು, ತರಕಾರಿ ತಿನ್ನುತ್ತದೆ, ಅಪಾಯ ಕಂಡರೆ ಸಿಳ್ಳೆ ಹಾಕಿ ಬಿಲಕ್ಕಿಳಿಯುತ್ತದೆ. ಶೆಡ್ಡಿನ ಒಳಗಿರುವ ಯಾವುದೂ ಅದಕ್ಕೆ ಬೇಕಿಲ್ಲ. ನಾಯಿ ನರಿಗಳು ಮೇಲಿನಿಂದ ಅಗೆಯಲಾಗದಂಥ ಗಟ್ಟಿ ನೆಲದ ಆಸರೆ ಬೇಕು, ಅಷ್ಟೆ. ತೊಂದರೆಯಿರುವುದೂ ಅಲ್ಲಿಯೇ. ಸುರಂಗವು ಒಂದೂವರೆ ಮೀಟರ್ ಆಳಕ್ಕೂ ಹತ್ತು ಮೀಟರಿಗಿಂತ ಹೆಚ್ಚಿನ ಉದ್ದಕ್ಕೂ ಹೋಗಬಲ್ಲದು. ಕಾಂಕ್ರೀಟ್ ನೆಲದ ಅಡಿಯ ಮಣ್ಣು ಹೀಗೆ ಹೊರಬಿದ್ದು, ಆ ಟೊಳ್ಳಿಗೆ ಮಳೆನೀರು ಇಳಿಯತೊಡಗಿದರೆ ಭಾರವಾದ ಟೇಬಲ್ ಸಾ, ಡ್ರಿಲ್ ಪ್ರೆಸ್ ನಿಂತ ಜಾಗದಲ್ಲಿ ನೆಲ ಕುಸಿದು ಬಿರುಕು ಬಿಡುತ್ತದೆ. ಹಿಂದೆ ಸರಿಯಾಗಿದ್ದ ಯಂತ್ರದ ಮೇಲೆ ರಸಮಟ್ಟವಿಟ್ಟಾಗ ಗುಳ್ಳೆ ಒಂದು ಬದಿಗೆ ಸರಿದಿದ್ದರೆ ಶೆಡ್ಡಿನ ಸುತ್ತಲೂ ಒಮ್ಮೆ ನೋಡಿ ಬನ್ನಿ. ಮುಖ್ಯ ದ್ವಾರದ ಹೊರತಾಗಿ, ಮಣ್ಣಿನ ಗುಡ್ಡೆಯಿಲ್ಲದ, ಹುಲ್ಲಿನ ನಡುವೆ ಕಣ್ಣಿಗೆ ಬೀಳದ ಬಿಲಗಳೂ ಇರುತ್ತವೆ.

ಇನ್ನು ಕಾಲದ ಲೆಕ್ಕ. ಅಕ್ಟೋಬರ್ ಮುಗಿಯುವ ಹೊತ್ತಿಗೆ ಈ ಪ್ರಾಣಿ ಚಳಿಗಾಲದ ದೀರ್ಘನಿದ್ರೆಗೆ ಇಳಿಯುತ್ತದೆ. ಆಗ ಅದರ ಮೈಶಾಖ ಕೆಲವೇ ಡಿಗ್ರಿಗಳಿಗೆ ತಗ್ಗಿ, ಎದೆಬಡಿತ ನಿಮಿಷಕ್ಕೆ ಹತ್ತರ ಆಸುಪಾಸಿಗೆ ಇಳಿದಿರುತ್ತದೆ. ಆ ಸ್ಥಿತಿಯಲ್ಲಿ ಹೊರಹಾಕಿದರೆ ಹಿಮದಲ್ಲಿ ಅದಕ್ಕೆ ಬದುಕುವ ದಾರಿಯಿಲ್ಲ. ಎಚ್ಚರವಾಗುವುದು ಫೆಬ್ರವರಿ, ಮಾರ್ಚ್ ತಿಂಗಳಲ್ಲಿ. (ಪೆನ್ಸಿಲ್ವೇನಿಯದ ಪಂಕ್ಸಟಾನಿಯಲ್ಲಿ 1887ರಿಂದ ಫೆಬ್ರವರಿ 2ರಂದು ನಡೆದುಬಂದಿರುವ ಗ್ರೌಂಡ್‌ಹಾಗ್ ದಿನದ ಕಥೆಯನ್ನು, ಅಂದರೆ ಅಂದು ಅದು ತನ್ನ ನೆರಳನ್ನು ಕಂಡರೆ ಚಳಿಗಾಲ ಇನ್ನೂ ಆರು ವಾರ ಮುಂದುವರಿಯುತ್ತದೆಂಬ ನಂಬಿಕೆಯನ್ನು, ನಿಮ್ಮ ಮಕ್ಕಳು ಶಾಲೆಯಿಂದ ಕೇಳಿ ಬಂದೇ ಬರುತ್ತಾರೆ.) ಏಪ್ರಿಲ್, ಮೇ ತಿಂಗಳಲ್ಲಿ ಕಣ್ಣು ತೆರೆಯದ, ಕೂದಲಿಲ್ಲದ ಮರಿಗಳು ಹುಟ್ಟುತ್ತವೆ ಮತ್ತು ಬೇಸಿಗೆಯ ನಡುವಿನ ತನಕ ತಾಯಿಯ ಬಳಿಯಲ್ಲೇ ಇರುತ್ತವೆ. ಆಗ ಬಿಲ ಮುಚ್ಚಿದರೆ ಮರಿಗಳು ಒಳಗೇ ಸಾಯುತ್ತವೆ, ತಾಯಿ ಮತ್ತೊಂದು ಕಡೆಯಿಂದ ತೋಡಿಕೊಂಡು ಬರುತ್ತದೆ. ಹಾಗಾಗಿ ಜುಲೈ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗಿನ ಅವಧಿಯೇ ಸರಿಯಾದ ಸಮಯ. ಏಪ್ರಿಲ್‌ನಲ್ಲಿ ಬಿಲ ಕಂಡವರು ಮೂರು ತಿಂಗಳು ಕಾಯಬೇಕಾಗುತ್ತದೆ; ಅದು ಸುಲಭವಲ್ಲವಾದರೂ ಕಾಯುವುದೇ ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸಮಯ ಬಂದಾಗ ಹಳೆಯ ಪತ್ರಿಕೆಯನ್ನು ಮುದ್ದೆ ಮಾಡಿ ಎಲ್ಲ ಬಿಲಗಳ ಬಾಯಿಗೂ ಸಡಿಲವಾಗಿ ತುರುಕಿ. ಕಾಗದ ಹೊರಬಿದ್ದರೆ ಒಳಗೆ ವಾಸವಿದೆ. ಒಳ್ಳೆಯ ಹವೆಯ ಮೂರು ದಿನ ಕಳೆದರೂ ಅಲುಗದಿದ್ದರೆ ಬಿಲ ಖಾಲಿಯಾಗಿದೆ ಎಂದುಕೊಳ್ಳಬಹುದು. ಗ್ರೌಂಡ್‌ಹಾಗ್ ಬಿಟ್ಟುಹೋದ ಬಿಲಕ್ಕೆ ಸ್ಕಂಕ್ ಎಂಬ, ಬೆಕ್ಕಿನಷ್ಟು ದೊಡ್ಡ ಕಾಡುಪ್ರಾಣಿ ಬಂದು ಸೇರುವುದುಂಟು. ಅದು ಹೆದರಿ ಚಿಮ್ಮಿಸುವ ದ್ರವದ ನಾತ ವಾರಗಟ್ಟಲೆ ಹೋಗುವುದಿಲ್ಲವಾದ್ದರಿಂದ ಬಾಯಿಯ ಮುಂದೆ ತೆಳುವಾಗಿ ಹಿಟ್ಟು ಉದುರಿಸಿ ಹೆಜ್ಜೆಗುರುತು ನೋಡಿ. ಗ್ರೌಂಡ್‌ಹಾಗ್‌ನ ಮುಂಗಾಲಿನಲ್ಲಿ ನಾಲ್ಕು ಬೆರಳುಗಳು ಮೂಡುತ್ತವೆ, ಸ್ಕಂಕ್‌ನದರಲ್ಲಿ ಐದು. ಒಳಗಿರುವುದು ಗ್ರೌಂಡ್‌ಹಾಗ್ ಆದರೆ, ಬೆಕ್ಕು ಮಲಮೂತ್ರ ಮಾಡಿದ ತಟ್ಟೆಯ ಹರಳನ್ನು (ಕ್ಯಾಟ್ ಲಿಟರ್) ಬಿಲದ ಬಾಯಲ್ಲಿ ಸುರಿಯುವುದರಿಂದ ಅದು ಜಾಗ ಬಿಡುವ ಸಾಧ್ಯತೆಯಿದೆ. ಬಿಡದಿದ್ದರೆ ಹೊರಕ್ಕೆ ಮಾತ್ರ ತೆರೆಯುವ ಬಾಗಿಲನ್ನು ಮುಖ್ಯ ದ್ವಾರಕ್ಕೆ ಅಳವಡಿಸಿ, ಉಳಿದ ಬಿಲಗಳನ್ನು ಮುಚ್ಚಬೇಕು.

ಖಾಲಿಯಾದ ಬಿಲಕ್ಕೆ ಮಣ್ಣು ತುಂಬಿದರಷ್ಟೇ ಸಾಲದು. ಶೆಡ್ಡಿನ ಸುತ್ತ ಒಂದಡಿ ಆಳದ ಕಾಲುವೆ ತೋಡಿ, ಗಟ್ಟಿಯಾದ ವೆಲ್ಡೆಡ್ ತಂತಿಯ ಜಾಲರಿಯ ಮೇಲಂಚನ್ನು ಶೆಡ್ಡಿನ ಕೆಳಹಲಗೆಗೆ ವಾಷರ್ ಹಾಕಿದ ಸ್ಕ್ರೂಗಳಿಂದ ಬಿಗಿದು, ಕೆಳಗಿನ ಒಂದಡಿಯನ್ನು ಹೊರಮುಖವಾಗಿ ಮಡಿಸಿ ಹೂತುಬಿಡಿ. ಪ್ರಾಣಿ ಗೋಡೆಯ ಬುಡದಲ್ಲೇ ಅಗೆಯಲು ಶುರುಮಾಡಿ, ಕಾಲಿಗೆ ತಂತಿ ಸಿಕ್ಕಾಗ ಬಿಟ್ಟುಹೋಗುತ್ತದೆ. ಒಂದಡಿ ಹಿಂದೆ ಸರಿದು ಅಗೆಯಬೇಕೆಂದು ಅದಕ್ಕೆ ಹೊಳೆಯುವುದಿಲ್ಲ. ಗುದ್ದಲಿ ಹಾಕುವ ಕೆಲವು ದಿನ ಮೊದಲು ಅಮೆರಿಕದಲ್ಲಿರುವವರು 811ಕ್ಕೆ ಕರೆ ಮಾಡಲೇಬೇಕು. ನೆಲದೊಳಗಿನ ಗ್ಯಾಸ್ ಮತ್ತು ವಿದ್ಯುತ್ ಮಾರ್ಗಗಳನ್ನು ಉಚಿತವಾಗಿ ಗುರುತು ಹಾಕಿ ಹೋಗುತ್ತಾರೆ. ಆದರೆ ಮನೆಯಿಂದ ವರ್ಕ್‌ಶಾಪಿಗೆ ಎಳೆದಿರುವ ಕೇಬಲ್ ನಿಮ್ಮ ಸ್ವಂತದ್ದಾದ್ದರಿಂದ ಅದನ್ನು ಅವರು ಗುರುತಿಸುವುದಿಲ್ಲ. ಹೊಸಬರಿಗೆ ಗೊತ್ತಿಲ್ಲದ, ಜೀವಕ್ಕೇ ಅಪಾಯ ತರಬಲ್ಲ ಸಂಗತಿ ಇದು. ಅದರ ಜಾಡನ್ನು ಎಲೆಕ್ಟ್ರಿಷಿಯನ್ ಒಬ್ಬರಿಂದ ಪತ್ತೆ ಮಾಡಿಸಿಕೊಳ್ಳಿ.

ಬಿಲದೊಳಗಿಟ್ಟು ಪ್ರಾಣಿಯನ್ನು ಕೊಲ್ಲಲೆಂದು ಅಂಗಡಿಯಲ್ಲಿ ಸಿಗುವ ಹೊಗೆಯ ಕಾರ್ಟ್ರಿಜ್‌ಗಳು ಉರಿದು ವಿಷಾನಿಲ ಬಿಡುತ್ತವೆ. ಮರದ ಹೊಟ್ಟು, ಥಿನ್ನರ್, ವಾರ್ನಿಶ್ ಇರುವ ಶೆಡ್ಡಿನ ಅಡಿಯಲ್ಲಿ ಅವನ್ನು ಎಂದೂ ಬಳಸಬೇಡಿ. ಬೋನಿನಲ್ಲಿ ಹಿಡಿದು ದೂರದ ಕಾಡಿಗೆ ಬಿಟ್ಟುಬರುವುದು ದಯೆಯ ಕೆಲಸವೆಂದು ತೋರಿದರೂ ಹಲವು ರಾಜ್ಯಗಳಲ್ಲಿ ಅನುಮತಿಯಿಲ್ಲದೆ ಹಾಗೆ ಮಾಡುವುದು ಕಾನೂನಿಗೆ ವಿರುದ್ಧ. ಒಂಟಾರಿಯೊದಲ್ಲಿ ಹಿಡಿದ ಜಾಗದಿಂದ ಒಂದು ಕಿಲೊಮೀಟರಿನೊಳಗೇ ಬಿಡಬೇಕು. ನಿಮ್ಮ ರಾಜ್ಯದ ವನ್ಯಜೀವಿ ಇಲಾಖೆಯನ್ನು ಕೇಳಿದರೆ ನಿಯಮವನ್ನೂ ಪರವಾನಗಿ ಹೊಂದಿದ ಕೆಲಸಗಾರರ ಪಟ್ಟಿಯನ್ನೂ ಕೊಡುತ್ತಾರೆ. ಬಾಡಿಗೆ ಮನೆಯಲ್ಲಿದ್ದರೆ ಮಾಲೀಕರಿಗೆ ಚಿತ್ರಸಹಿತ ಬರೆದು ತಿಳಿಸಿ. ಸ್ವಂತ ಮನೆಯವರು ವಿಮೆಯ ಕಾಗದಗಳನ್ನು ಓದಿಕೊಳ್ಳಿ, ಏಕೆಂದರೆ ಇಲಿ, ಅಳಿಲು ಮುಂತಾದವುಗಳಿಂದಾದ ಹಾನಿಗೆ ಸಾಮಾನ್ಯವಾಗಿ ಪರಿಹಾರ ಸಿಗುವುದಿಲ್ಲ.

ಬಿಲದ ಬಳಿ ಮಕ್ಕಳನ್ನು ಬಿಡಬೇಡಿ. ಅಮೆರಿಕದ ದಂಶಕಗಳಲ್ಲಿ (ಇಲಿ, ಅಳಿಲಿನಂಥ ಕಡಿಯುವ ಹಲ್ಲಿನ ಪ್ರಾಣಿಗಳಲ್ಲಿ) ರೇಬಿಸ್ ಹೆಚ್ಚಾಗಿ ಪತ್ತೆಯಾಗಿರುವುದು ಗ್ರೌಂಡ್‌ಹಾಗ್‌ಗಳಲ್ಲಿಯೇ. ಕಚ್ಚಿದರೆ ಗಾಯವನ್ನು ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಅಂದೇ ವೈದ್ಯರ ಬಳಿಗೆ ಹೋಗಬೇಕು. ಹುಲ್ಲಿನಲ್ಲಿ ಕೂತು ಜಾಲರಿ ಹೂಳಿದ ದಿನ ಸಂಜೆ ಮೈಮೇಲೆ ರಕ್ತ ಹೀರುವ ಉಣ್ಣೆಹುಳುಗಳು (ಟಿಕ್) ಇವೆಯೇ ಎಂದು ನೋಡಿಕೊಳ್ಳಿ. ಖಾಲಿಯಾದ ಜಾಗವನ್ನು ಹುಡುಕಿಕೊಂಡು ಬೇರೊಂದು ಗ್ರೌಂಡ್‌ಹಾಗ್ ಬರುವುದುಂಟಾದ್ದರಿಂದ, ಮಾರ್ಚ್‌ನಲ್ಲಿ ಹಿಮ ಕರಗಿದ ಕೂಡಲೇ ಶೆಡ್ಡಿನ ನಾಲ್ಕೂ ಬದಿಗಳಲ್ಲಿ ಜಾಲರಿಯ ಅಂಚು ಮೇಲೆದ್ದಿದೆಯೇ ಎಂದು ಪರೀಕ್ಷಿಸಿ, ಸಡಿಲವಾದ ಸ್ಕ್ರೂಗಳನ್ನು ಬಿಗಿಮಾಡಿ.