ಬೂರುಗದ ತಲೆದಿಂಬು: ಎತ್ತರ ಸರಿಮಾಡಿಕೊಳ್ಳುವ ಬಗೆ

ದಿಂಬು ಮೆತ್ತಗಿದೆಯೋ ಗಟ್ಟಿಯಿದೆಯೋ ಎಂದು ಎಲ್ಲರೂ ಒತ್ತಿ ನೋಡುತ್ತಾರೆ. ನಾನು ನೋಡುವುದು ತಲೆಯ ಭಾರ ಬಿದ್ದ ಮೇಲೆ ಉಳಿಯುವ ಎತ್ತರವನ್ನು. ಕುತ್ತಿಗೆ ನೋವಿಗೆ ಸಂಬಂಧಪಟ್ಟದ್ದು ಅದೇ.

ಮೊದಲು ಅಳತೆ. ಗೋಡೆಗೆ ಒಂದು ಭುಜ ತಾಗಿಸಿ, ತಲೆ ನೆಟ್ಟಗಿಟ್ಟು ನಿಂತು, ಕಿವಿಯ ಮೇಲ್ಭಾಗಕ್ಕೂ ಗೋಡೆಗೂ ನಡುವಿನ ಅಂತರವನ್ನು ಇನ್ನೊಬ್ಬರಿಂದ ಅಳೆಸಿಕೊಳ್ಳಬೇಕು. ದೊಡ್ಡವರಿಗೆ ಸಾಮಾನ್ಯವಾಗಿ 4ರಿಂದ 6 ಇಂಚು ಬರುತ್ತದೆ. ಮಗ್ಗುಲಲ್ಲಿ ಮಲಗುವವರು ನೆಲದಲ್ಲಿ ಚಾಪೆ ಹಾಸುವುದಾದರೆ ಅಷ್ಟೂ ಎತ್ತರ ಬೇಕು, ಭುಜ ಎಲ್ಲೂ ಇಳಿಯುವುದಿಲ್ಲವಲ್ಲ. ತೆಂಗಿನ ನಾರಿನ ಹಾಸಿಗೆಗೆ ಅರ್ಧ ಇಂಚು ಕಳೆದರೆ ಸಾಕು. ಫೋಮಿನಲ್ಲಿ ಭುಜ ಒಂದೆರಡು ಇಂಚು ಹೂತುಹೋಗುವುದರಿಂದ ಅಷ್ಟನ್ನು ಕಳೆಯಬೇಕು. ಚಾಪೆ ಬಿಟ್ಟು ಹೊಸ ಫೋಮ್ ಹಾಸಿಗೆಗೆ ಬಂದವರಿಗೆ ಕುತ್ತಿಗೆ ಹಿಡಿಯುವುದು ಬಹುಪಾಲು ಇಲ್ಲೇ: ಹಾಸಿಗೆ ಬದಲಾಗಿದೆ, ದಿಂಬು ಹಳೆಯದೇ.

ಇನ್ನು ದಿಂಬಿಗೆ ತುಂಬುವ ಹತ್ತಿ. ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಹಿತ್ತಿಲುಗಳಲ್ಲಿ ಬೂರುಗದ ಮರದ ಕಾಯಿ ಬೇಸಿಗೆಯಲ್ಲಿ ಬಿರಿಯುತ್ತದೆ. ಫ್ಯಾನ್ ನಿಲ್ಲಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಹತ್ತಿಯನ್ನು ಬುಟ್ಟಿಯಲ್ಲಿ ಕೋಲಿನಿಂದ ಕಡೆದರೆ ಬೀಜ ತಳಕ್ಕಿಳಿಯುತ್ತದೆ. ಎಳೆ ಬಹಳ ನುಣುಪು, ಸಡಿಲ ನೇಯ್ಗೆಯ ಬಟ್ಟೆಯಿಂದ ಹೊರಗೆ ಬಂದುಬಿಡುತ್ತದೆ. ಆದ್ದರಿಂದ ಒಳಚೀಲಕ್ಕೆ ಒತ್ತು ನೇಯ್ಗೆಯ ಬಟ್ಟೆಯೇ ಆಗಬೇಕು. 16×24 ಇಂಚಿನ ಚೀಲಕ್ಕೆ ಸುಮಾರು ಒಂದು ಕಿಲೋದಿಂದ ಶುರುಮಾಡುತ್ತೇನೆ. ಮೊದಲು ನಾಲ್ಕು ಮೂಲೆ, ಆಮೇಲೆ ನಡು. ಬಾಯಿಯನ್ನು ಪೂರ್ತಿ ಹೊಲಿಯದೆ ಕೈ ಹೋಗುವಷ್ಟು ಜಾಗಕ್ಕೆ ಕಚ್ಚಾ ಹೊಲಿಗೆ ಮಾತ್ರ.

ಪರೀಕ್ಷೆಗೆ 5 ಕಿಲೋ ಕುಚ್ಚಲಕ್ಕಿಯ ಚೀಲ. ಮನುಷ್ಯನ ತಲೆಯ ತೂಕವೂ ಹೆಚ್ಚುಕಡಿಮೆ ಅಷ್ಟೇ. ಅದನ್ನು ದಿಂಬಿನ ನಡುವೆ ಇಟ್ಟು ಹತ್ತು ನಿಮಿಷ ಬಿಟ್ಟು, ಅಕ್ಕಿಚೀಲದ ಅಡಿಯಲ್ಲಿ ಉಳಿದ ದಪ್ಪವನ್ನು ಸ್ಕೇಲಿನಲ್ಲಿ ನೋಡುತ್ತೇನೆ. ಹೊಸ ಬೂರುಗ ಕ್ರಮೇಣ ಜಗ್ಗುವುದರಿಂದ ಲೆಕ್ಕಕ್ಕಿಂತ ಅರ್ಧ ಇಂಚು ಹೆಚ್ಚಿಗೆ ಇರಲಿ. ಕಚ್ಚಾ ಹೊಲಿಗೆ ಬಿಚ್ಚಿ ಒಂದು ಹಿಡಿ ಹಾಕುವುದೋ ತೆಗೆಯುವುದೋ ಮಾಡಿದರಾಯಿತು.

ಅಂಗಾತ ಮಲಗುವವರಿಗೆ ಇಷ್ಟು ಎತ್ತರದ ದಿಂಬು ಆಗುವುದಿಲ್ಲ. ಅವರಿಗೆ ಒತ್ತಿದ ಮೇಲೆ ಎರಡು ಮೂರು ಇಂಚು ಸಾಕು, ಗಲ್ಲ ಎದೆಯತ್ತ ಬಾಗಬಾರದು. ಅಡಿಕೆ ಸುಲಿಯುವ ಕಾಲದಲ್ಲಿ ಹಗಲಿಡೀ ತಲೆ ತಗ್ಗಿಸಿ ಕೂತವರು ರಾತ್ರಿ ಎತ್ತರದ ದಿಂಬಿಟ್ಟು ಅಂಗಾತ ಮಲಗಿದರೆ ಕುತ್ತಿಗೆಗೆ ಬಿಡುವೇ ಸಿಗುವುದಿಲ್ಲ. ಮೊಣಕಾಲಿನ ಅಡಿಗೆ ಒಂದು ದಿಂಬಿಟ್ಟರೆ ಸೊಂಟ ಹಗುರಾಗುತ್ತದೆ. ಮಗ್ಗುಲಲ್ಲಿ ಮಲಗುವವರಿಗೆ ಅದೇ ದಿಂಬು ಎರಡು ಮೊಣಕಾಲುಗಳ ನಡುವೆ, ಮೇಲಿನ ಕಾಲು ಮುಂದಕ್ಕೆ ಜಾರಿ ಸೊಂಟ ತಿರುಚದಂತೆ. ಭುಜ ಮಾತ್ರ ದಿಂಬಿನ ಮೇಲೆ ಏರಬಾರದು, ದಿಂಬಿನ ಅಂಚು ಕುತ್ತಿಗೆಯ ಕುಳಿಯನ್ನು ತುಂಬಬೇಕು. ಬೋರಲು ಮಲಗುವುದು ನನಗೆ ಒಪ್ಪಿಗೆಯಿಲ್ಲ: ಉಸಿರಾಡಲು ಕುತ್ತಿಗೆಯನ್ನು ಒಂದೇ ಕಡೆಗೆ ತಿರುಗಿಸಿಡಲೇಬೇಕು. ಬಿಡಲಾಗದಿದ್ದರೆ ತಲೆದಿಂಬು ತೆಗೆದು, ಕಿಬ್ಬೊಟ್ಟೆಯ ಅಡಿಗೆ ತೆಳ್ಳನೆಯದೊಂದು ಇಟ್ಟುಕೊಳ್ಳಿ.

ನಮ್ಮ ಕಡೆಯ ಮಳೆಗೆ ಬೂರುಗ ತೇವ ಹಿಡಿದು ಗಂಟುಕಟ್ಟುತ್ತದೆ. ತೊಳೆಯಬೇಡಿ. ಬಿಸಿಲು ಬಿದ್ದ ದಿನ ಅಂಗಳದಲ್ಲಿ ಮಗುಚಿ ಮಗುಚಿ ಒಣಗಿಸಿ, ಗಂಟುಗಳನ್ನು ಕೈಯಲ್ಲಿ ಬಿಡಿಸಿ, ಮತ್ತೆ ಅಕ್ಕಿಚೀಲ ಇಟ್ಟು ಅಳೆಯಿರಿ. ರಬ್ಬರ್ ಹಾಲಿನ ಲೇಟೆಕ್ಸ್ ದಿಂಬಿಗೆ ಈ ಉಪಚಾರ ಬೇಡ, ಬಿಸಿಲಿಗೆ ಅದು ಪುಡಿಯಾಗುತ್ತದೆ.

ಕೈಗೆ ಜೋಮು ಇಳಿಯುತ್ತಿದ್ದರೆ, ಹಿಡಿತ ಸಡಿಲವಾಗುತ್ತಿದ್ದರೆ ದಿಂಬು ಬದಲಿಸುತ್ತ ಕೂರಬೇಡಿ, ಡಾಕ್ಟರಿಗೆ ತೋರಿಸಿ.